ಇಲ್ಲಿ ಎಲ್ಲ ಚೆನ್ನಾಗಿದೆ

ಶನಿವಾರ ಸಂಜೆ ಏಳು ಗಂಟೆಗೆ ಟಿ.ವಿ.ಯಲ್ಲಿ ಬಂದ ಆ ಕಂತನ್ನು ನಮ್ಮ ಗಣಿ ಊರಿನಲ್ಲಿ ನೋಡದವರು ಯಾರೂ ಇಲ್ಲ. ನೋಡಿ ಅಳದವನು ಬಹುಶಃ ನಾನೊಬ್ಬನೇ. ನನಗೆ ಬಂದದ್ದು ಸಿಟ್ಟು. ಹದಿನಾರು ವರ್ಷದಿಂದ ಒಂದು ವಾರಪತ್ರಿಕೆಗೆ ಟಿ.ವಿ. ವಿಮರ್ಶೆ ಬರೆಯುತ್ತಿದ್ದೇನೆ, ಕೆಟ್ಟ ಧಾರಾವಾಹಿ ನನಗೆ ಹೊಸದಲ್ಲ. ವಿಷ ಬೆರೆಸಿದ ಪಾಯಸದ ಬಟ್ಟಲನ್ನು ಅತ್ತೆಯೊಬ್ಬಳು ಹನ್ನೊಂದು ಕಂತು ಕೈಯಲ್ಲಿ ಹಿಡಿದುಕೊಂಡೇ ನಿಂತದ್ದನ್ನೂ ಸಹಿಸಿಕೊಂಡವನು ನಾನು. ಆದರೆ ಈ ಸಲ ಅವರು ಕೈ ಹಾಕಿದ್ದು ನಮ್ಮ ಮನೆಯ ವಿಷಯಕ್ಕೆ.

ಕಂತಿನ ಕಥೆ ಇಷ್ಟು. ನೆಲದಾಳದ ಒಂದು ವಾರ್ಡಿನಲ್ಲಿ ಕಾಲ ನಿಧಾನವಾಗಿ ಓಡುತ್ತದೆ. ನಾಯಕಿ ಅಲ್ಲಿ ನರ್ಸು. ಅವಳ ಗಂಡ ಗಾಜಿನ ಬಾಗಿಲ ಹೊರಗೆ ಕೊಳಲು ಹಿಡಿದು ಹನ್ನೆರಡು ವರ್ಷ ಕಾಯುತ್ತಾನೆ. ಪ್ರತಿ ಸಂಜೆ ಇಬ್ಬರೂ ಗಾಜಿಗೆ ಅಂಗೈ ಒತ್ತಿ ಫೋನಿನಲ್ಲಿ ಮಾತಾಡುತ್ತಾರೆ. ಕೊನೆಗೆ ಅವಳು ಹೋದಾಗಿನಷ್ಟೇ ಎಳೆಯವಳಾಗಿ ಹೊರಬರುತ್ತಾಳೆ. ಬಿಳಿಗಡ್ಡದ ಗಂಡ, ‘ನೀನು ಹೋದದ್ದು ನಿನ್ನೆಯೇನೋ ಅನ್ನಿಸುತ್ತಿದೆ’ ಎಂದು ಅವಳ ತೊಡೆಯ ಮೇಲೆ ತಲೆಯಿಟ್ಟು ಪ್ರಾಣ ಬಿಡುತ್ತಾನೆ. ಹಿನ್ನೆಲೆಯಲ್ಲಿ ನಲವತ್ತು ಹೆಂಗಸರು ಆಲಾಪ ಮಾಡುತ್ತಾರೆ.

ಇದರಲ್ಲಿ ಎಷ್ಟು ತಪ್ಪಿದೆ ಎಂದು ಹೇಳುವ ಯೋಗ್ಯತೆ ನನಗಿದೆ. ನನ್ನ ಹೆಂಡತಿ ಇಂದ್ರಾಣಿ ನಾಲ್ಕು ವರ್ಷದಿಂದ ಅಂಥದೇ ವಾರ್ಡಿನಲ್ಲಿ ನರ್ಸು. ಊರಿನವರು ಅದನ್ನು ಕೆಳಗಿನ ವಾರ್ಡು ಎನ್ನುತ್ತಾರೆ. ಮುಚ್ಚಿಹೋಗಿದ್ದ ಚಿನ್ನದ ಗಣಿಯ ನೀರು ತೆಗೆದು, ಮೇಲಿನ ಯಾವ ಅದುರಾಟವೂ ಮುಟ್ಟದಷ್ಟು ಆಳದಲ್ಲಿ, ಮನೆಯಷ್ಟು ಎತ್ತರದ ಹನ್ನೆರಡು ಲೋಹದ ಬಳೆಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಆ ಬಳೆಗಳಲ್ಲಿ ವಿದ್ಯುತ್ತು ಸುತ್ತುತ್ತಿರುವಷ್ಟು ಹೊತ್ತು ಅವುಗಳ ಒಳಗೆ ಕಾಲ ದಪ್ಪಗಾಗುತ್ತದೆ. ವಿಜ್ಞಾನಿಗಳು ಎರಡು ಸಲ ವಿವರಿಸಿದರೂ ನನ್ನ ತಲೆಗೆ ಹೋದದ್ದು ಅಷ್ಟೇ. ನಮಗೆ ಒಂದು ದಿನ ಕಳೆದರೆ ಅಲ್ಲಿ ಒಂದು ಗಂಟೆ.

ಬಳೆಗಳ ನಡುವೆ ಮೂವತ್ತು ಮಂಚಗಳಿವೆ. ಮಲಗಿರುವವರೆಲ್ಲ ಕಾಯುವ ರೋಗಿಗಳು. ಒಬ್ಬರಿಗೆ ಕಿಡ್ನಿ ಸಿಗಬೇಕು, ಇನ್ನೊಬ್ಬರಿಗೆ ಲಿವರ್ ಸಿಗಬೇಕು. ಮೇಲೆ ಒಂದು ವರ್ಷ ಹುಡುಕಿದರೂ ರೋಗಿಯ ಮೈಗೆ ಆಗುವ ವಯಸ್ಸು ಹದಿನೈದೇ ದಿನ. ಮೇಲೆ ಇದ್ದಿದ್ದರೆ ಸತ್ತುಹೋಗುತ್ತಿದ್ದ ಎಷ್ಟೋ ಜನ ಹೀಗೆ ಬದುಕಿದ್ದಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರೋಗಿಗಳಿಗೆ ನೀರು ಕೊಡುವುದಕ್ಕೆ, ಮಗ್ಗುಲು ತಿರುಗಿಸುವುದಕ್ಕೆ ಯಾರಾದರೂ ಬೇಕಲ್ಲ. ಇಂದ್ರಾಣಿ ಎಂಟು ಗಂಟೆಯ ಒಂದು ಪಾಳಿ ಮುಗಿಸಿ ಬರುವಷ್ಟರಲ್ಲಿ ನಮಗೆ ಎಂಟು ದಿನ ಕಳೆದಿರುತ್ತದೆ. ಬಂದು ಎರಡು ದಿನ ಮನೆಯಲ್ಲಿದ್ದು ಮತ್ತೆ ಇಳಿಯುತ್ತಾಳೆ. ಕ್ಯಾಲೆಂಡರಿನ ನಾಲ್ಕು ವರ್ಷದಲ್ಲಿ ಅವಳು ಬದುಕಿರುವುದು ಹನ್ನೊಂದು ತಿಂಗಳು. ಅವಳ ಹನ್ನೊಂದು ತಿಂಗಳಲ್ಲಿ ನಮ್ಮ ಮಗಳು ಹರಿಣಿ ಹನ್ನೊಂದು ವರ್ಷದವಳಿದ್ದವಳು ಹದಿನೈದರವಳಾಗಿದ್ದಾಳೆ.

ಇನ್ನು ಗಾಜಿನ ಬಾಗಿಲು. ಅಂಥದು ಇಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ಒಳಗಿನ ಬೆಳಕು ಹೊರಗೆ ಬರುವಷ್ಟರಲ್ಲಿ ಕೆಂಪನ್ನೂ ದಾಟಿ ಕಣ್ಣಿಗೆ ಕಾಣದಂತಾಗುತ್ತದೆ. ಹೊರಗಿನ ಟ್ಯೂಬ್‌ಲೈಟಿನ ಬೆಳಕು ಒಳಗಿರುವವರ ಚರ್ಮ ಸುಡುವಂಥ ಕಿರಣವಾಗುತ್ತದೆ. ಹಾಗಾಗಿ ಇರುವುದು ಉಕ್ಕಿನ ಬಾಗಿಲು. ಫೋನಿನ ಮಾತಂತೂ ಕೇಳಲೇಬೇಡಿ. ಅವರ ಒಂದು ‘ಹಲೋ’ ನಮಗೆ ಅರ್ಧ ನಿಮಿಷದ ಗುಡುಗು, ನಮ್ಮ ಮಾತು ಅವರಿಗೆ ಸೊಳ್ಳೆಯ ಗುಂಯ್‌ಗುಡುವಿಕೆ. ಎರಡು ಕಾಲಕ್ಕೂ ಒಗ್ಗುವ ವಸ್ತು ಅಂದರೆ ಕಾಗದ ಒಂದೇ. ದಿನಕ್ಕೊಂದು ಬುಟ್ಟಿ ಬೆಳಿಗ್ಗೆ ಎಂಟಕ್ಕೆ ಕೊಳವೆಯಲ್ಲಿ ಇಳಿಯುತ್ತದೆ, ಅದರಲ್ಲಿ ಮನೆಮನೆಯ ಚೀಟಿಗಳು, ಶನಿವಾರ ನಮ್ಮ ಪತ್ರಿಕೆಯ ಪ್ರತಿಗಳೂ ಹೋಗುತ್ತವೆ. ಬೇರೆ ಕಡೆ ಅಚ್ಚಿನ ಪತ್ರಿಕೆಗಳೆಲ್ಲ ಮುಚ್ಚಿಹೋದರೂ ನಮ್ಮ ವಾರಪತ್ರಿಕೆ ಉಳಿದಿರುವುದು, ನನಗೆ ಉದ್ಯೋಗ ಉಳಿದಿರುವುದು ಈ ಬುಟ್ಟಿಯ ದೆಸೆಯಿಂದ.

ಈಗ ಚೀಟಿಯ ವಿಷಯ ಹೇಳಲೇಬೇಕು, ಏಕೆಂದರೆ ಧಾರಾವಾಹಿಯವರಿಗೆ ಗೊತ್ತೇ ಇಲ್ಲದ್ದು ಅದು. ಮೊದಲ ವರ್ಷ ಇಂದ್ರಾಣಿ ಒಮ್ಮೆ ಬೀರುವಿನ ಕೀಲಿಯನ್ನು ಚೀಲದಲ್ಲಿ ಹಾಕಿಕೊಂಡು ಪಾಳಿಗೆ ಹೋದಳು. ಹರಿಣಿಯ ಶಾಲೆಯ ಕಾಗದಗಳು ಬೀರುವಿನಲ್ಲಿದ್ದವು. ನಾನು ಬೈದು ಚೀಟಿ ಕಳಿಸಿದೆ. ಉತ್ತರ ಬರಲಿಲ್ಲವೆಂದು ಸಂಜೆ ತುರ್ತು ಕೊಳವೆಯಲ್ಲಿ ಇನ್ನೊಂದು, ಮರುದಿನ ಬೆಳಿಗ್ಗೆ ಮತ್ತೆ ಮೂರು. ಮೂರನೆಯ ದಿನ ಬೀಗ ಒಡೆಸಿದೆ, ಕಾಗದ ಸಿಕ್ಕಿತು, ಸಿಟ್ಟೂ ಇಳಿಯಿತು. ಅಷ್ಟರಲ್ಲಿ ಅವಳಿಗೆ ಎರಡು ಗಂಟೆಯಲ್ಲಿ ಒಂದರ ಮೇಲೊಂದು ಐದು ಬೈಗುಳದ ಚೀಟಿಗಳು ತಲುಪಿದ್ದವು. ಎಂಟನೆಯ ದಿನ ಅವಳು ಮೇಲೆ ಬಂದಾಗ ನನಗೆ ಜಗಳವೇ ಮರೆತುಹೋಗಿತ್ತು, ಅವಳಿಗೆ ಅದು ಅದೇ ಬೆಳಗಿನದು. ಆ ಎರಡು ದಿನವೂ ಮಾತಿಲ್ಲದೆ ಹೋದವು. ಹೀಗೆ ಬೇರೆ ಮನೆಗಳಲ್ಲೂ ಆದವು. ಕೊನೆಗೆ ವಾರ್ಡು ನಡೆಸುವ ಕೇಂದ್ರದವರು ಒಂದು ಸೂಚನೆ ಹಚ್ಚಿದರು, ಕೆಳಗಿನವರ ಮನಸ್ಸು ಕದಡುವಂಥ ಏನನ್ನೂ ಬರೆಯಬಾರದು ಎಂದು.

ಅಂದಿನಿಂದ ಊರಿನ ಎಲ್ಲರ ಚೀಟಿಗಳೂ ಒಂದೇ ಥರ. ‘ಹಾಲು ಬಂತು. ಹರಿಣಿಗೆ ಗಣಿತದಲ್ಲಿ ಎಪ್ಪತ್ತೊಂದು. ಇಲ್ಲಿ ಎಲ್ಲ ಚೆನ್ನಾಗಿದೆ.’ ಬುಟ್ಟಿ ಇಳಿಸುವ ನಿಯಂತ್ರಣ ಕೊಠಡಿಯ ಸೆಲ್ವರಾಜ್, ಬರೆಯಲು ಬಾರದ ಮುದುಕರಿಗೆ ಅನುಕೂಲವಾಗಲೆಂದು ‘ಇಲ್ಲಿ ಎಲ್ಲ ಚೆನ್ನಾಗಿದೆ’ ಎಂಬ ರಬ್ಬರ್ ಮುದ್ರೆಯನ್ನೇ ಮಾಡಿಸಿದ. ಅದನ್ನು ಹುರಿಯಿಂದ ಕೌಂಟರಿಗೆ ಕಟ್ಟಿದ್ದಾನೆ. ಬರೆಯಲು ಬರುವವರೂ ಈಗ ಅದನ್ನೇ ಒತ್ತುತ್ತಾರೆ. ನಾನೂ ಒತ್ತಿದ್ದೇನೆ.

ಶನಿವಾರಕ್ಕೆ ಬರುತ್ತೇನೆ. ಇಂದ್ರಾಣಿಯ ಎರಡು ದಿನದ ಬಿಡುವು ಶನಿವಾರ, ಭಾನುವಾರಕ್ಕೆ ಬಿದ್ದಿತ್ತು. ಮುಂದಿನ ಎಂಟು ದಿನ ಕಾಣದ ಹೆಂಡತಿ ಕಂತು ಮುಗಿಯುವವರೆಗಿನ ಅಮೂಲ್ಯವಾದ ಒಂದೂಕಾಲು ಗಂಟೆಯನ್ನು ಟಿ.ವಿ. ಮುಂದೆ ಕೂತು, ಹಿತಕಿದ ಬೇಳೆ ಸಾರಿಗೆ ಅವರೆಕಾಳಿನ ಸಿಪ್ಪೆ ಸುಲಿಯುತ್ತಾ ಕಳೆದಳು. ಹರಿಣಿ ಪಕ್ಕದಲ್ಲಿ ಕೂತು ಅಮ್ಮನ ಊಟದ ಡಬ್ಬಿಯಲ್ಲಿ ಉಳಿದಿದ್ದ ಚಿತ್ರಾನ್ನ ತಿನ್ನುತ್ತಿದ್ದಳು. ಆ ಚಿತ್ರಾನ್ನ ಎಂಟು ದಿನದ ಹಿಂದೆ ಕಲಸಿದ್ದು. ಕೆಳಗೆ ಹೋಗಿ ಬಂದದ್ದರಿಂದ ಬೆಳಿಗ್ಗೆ ಮಾಡಿದ ಹಾಗೇ ಇತ್ತು. ಅಮ್ಮ ಬಂದ ದಿನ ನಾನು ಮಾಡಿದ ಸಾರನ್ನು ಅವಳು ಮುಟ್ಟುವುದಿಲ್ಲ, ಆ ಡಬ್ಬಿಯ ತಳ ಕಾಣುವವರೆಗೆ ಏಳುವುದೂ ಇಲ್ಲ.

ಬಿಳಿಗಡ್ಡದವನು ಪ್ರಾಣ ಬಿಟ್ಟಾಗ ಇಂದ್ರಾಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಒಂದು ಮಾತು ಬೇಜಾರಿಲ್ದೆ ಎಷ್ಟು ಚೆನ್ನಾಗಿ ಕಾದ ನೋಡ್ರೀ” ಎಂದಳು. ನನಗೆ ಮೈಯೆಲ್ಲಾ ಉರಿಯಿತು. ಅವನು ಸಾರು ಮಾಡಲಿಲ್ಲ, ಯೂನಿಫಾರಂ ಒಗೆಯಲಿಲ್ಲ, ಪೋಷಕರ ಸಭೆಗೆ ಹೋಗಿ ತಾಯಿ ಎಲ್ಲಿ ಎಂದು ಕೇಳಿಸಿಕೊಳ್ಳಲಿಲ್ಲ, ಹನ್ನೆರಡು ವರ್ಷ ಕೊಳಲು ಊದುತ್ತಾ ಕೂತವನಿಗೆ ಬೇಜಾರು ಎಲ್ಲಿಂದ ಬರಬೇಕು ಎಂದೆಲ್ಲ ಹೇಳಬೇಕೆನ್ನಿಸಿತು. ಬೆಳಕಿನ ವಿಷಯವನ್ನು, ಉಕ್ಕಿನ ಬಾಗಿಲಿನ ವಿಷಯವನ್ನು ಹೇಳಿದೆ. ಅವಳು ನಕ್ಕು ಇನ್ನೊಂದು ಹಿಡಿ ಅವರೆಕಾಳು ತೆಗೆದುಕೊಂಡಳು.

ಭಾನುವಾರ ಮಧ್ಯಾಹ್ನ ಅವಳು ಚೀಲದಿಂದ ಒಂದು ಫಾರಂ ತೆಗೆದು ಮೇಜಿನ ಮೇಲಿಟ್ಟಳು. ಇನ್ನೂ ಐದು ವರ್ಷ ಕೆಳಗೆ ಕೆಲಸ ಮಾಡಲು ಒಪ್ಪಿಗೆ ಪತ್ರ. ಈ ಪಾಳಿ ಮುಗಿಯುವುದರೊಳಗೆ, ಅಂದರೆ ಮುಂದಿನ ಮಂಗಳವಾರದೊಳಗೆ, ಸಹಿ ಮಾಡಿಯೋ ಮಾಡದೆಯೋ ವಾಪಸು ಕೊಡಬೇಕು. ಐದು ವರ್ಷವೆಂದರೆ ಅವಳಿಗೆ ಹದಿನಾಲ್ಕು ತಿಂಗಳು. ನನಗೆ ಐವತ್ತೊಂದಾಗುತ್ತದೆ, ಹರಿಣಿಗೆ ಇಪ್ಪತ್ತು.

“ನೀವು ಬೇಡ ಅಂದ್ರೆ ಮಾಡಲ್ಲ” ಎಂದಳು. “ಏಳನೇ ಮಂಚದ ಟೀಚರಮ್ಮಂಗೆ ಇನ್ನೂ ಕಿಡ್ನಿ ಸಿಕ್ಕಿಲ್ಲ. ನೀವಿಬ್ರೂ ಹೇಗೂ ಚೆನ್ನಾಗೇ ಇದ್ದೀರಲ್ಲ.”

ನಾನು ಏನು ಹೇಳಬೇಕಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಏಳನೇ ಮಂಚದ ಟೀಚರಮ್ಮನ ಮುಂದೆ ನನ್ನ ಸಾರಿನ ಕಷ್ಟವನ್ನು ಹೇಗೆ ಇಡುವುದು? ಜೊತೆಗೆ ಆ ಬಿಳಿಗಡ್ಡದವನು ಬೇರೆ ತಲೆಯಲ್ಲಿ ಕೂತಿದ್ದ. ಅವನು ಹನ್ನೆರಡು ವರ್ಷ ಕಾದಿರುವಾಗ ನಾನು ಐದಕ್ಕೆ ಗೋಳಾಡಿದರೆ ಹೇಗಿರುತ್ತದೆ?

“ನಿನ್ನಿಷ್ಟ” ಎಂದೆ.

ಅವಳು ಫಾರಂ ಮಡಿಚಿ ಚೀಲಕ್ಕೆ ಹಾಕಿಕೊಂಡಳು. ಸೋಮವಾರ ಬೆಳಿಗ್ಗೆ ಅದರ ಸಮೇತ ಇಳಿದುಹೋದಳು.

ಸೋಮವಾರ ಸಂಜೆಯಿಂದ ವಿಮರ್ಶೆ ಬರೆಯಲು ಕೂತೆ. ನಮ್ಮ ಸಂಪಾದಕರಾದ ಚಂಗಲರಾಯಪ್ಪನವರು ಆರುನೂರು ಪದ ಕೇಳಿದ್ದರು. ಅವರದೊಂದು ಪದ್ಧತಿ ಇದೆ. ಜಾಗ ಸಾಲದೆ ಹೋದರೆ ಲೇಖನ ಓದುವ ಗೋಜಿಗೆ ಹೋಗದೆ ಕೆಳಗಿನಿಂದ ಕತ್ತರಿಸುತ್ತಾರೆ. ಹದಿನಾರು ವರ್ಷದಲ್ಲಿ ನನ್ನ ಕೊನೆಯ ಎರಡು ಪ್ಯಾರಾ ಅಚ್ಚಾದದ್ದು ನನಗೆ ನೆನಪಿಲ್ಲ. ಹಾಗಾಗಿ ಹೇಳಬೇಕಾದ್ದನ್ನೆಲ್ಲ ಮೇಲೆಯೇ ಹೇಳಿ, ಕೊನೆಯ ಎರಡು ಪ್ಯಾರಾಗಳಲ್ಲಿ ನನ್ನ ಸಂಕಟವನ್ನು ತೋಡಿಕೊಳ್ಳುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಡೈರಿ ಬರೆಯುವವರು ಬರೆದಿಟ್ಟು ಮುಚ್ಚಿಡುತ್ತಾರೆ, ನಾನು ಬರೆದು ಚಂಗಲರಾಯಪ್ಪನವರ ಕತ್ತರಿಗೆ ಕೊಡುತ್ತೇನೆ. ಈ ಸಲವೂ ಹಾಗೆಯೇ ಮಾಡಿದೆ. ಬೆಳಕು, ಬಾಗಿಲು, ಫೋನು ಎಲ್ಲವನ್ನೂ ಮೇಲೆ ಬರೆದು, ಕೊನೆಗೆ ಬಾಯಿಗೆ ಬಂದದ್ದನ್ನು ಬರೆದು ಮಂಗಳವಾರ ಕಳಿಸಿದೆ. ಮನಸ್ಸು ಹಗುರವಾಯಿತು. ಅಂದಿನ ಚೀಟಿಗೆ ಮುದ್ರೆ ಒತ್ತಿದೆ.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಪೇಟೆಯ ಅಂಗಡಿಯಲ್ಲಿ ಪತ್ರಿಕೆ ನೇತುಹಾಕಿದ್ದರು. ನನ್ನ ವಿಮರ್ಶೆ ಮುಖಪುಟದಲ್ಲಿತ್ತು. ಕೊನೆಯ ಸಾಲಿನವರೆಗೂ ಇತ್ತು. ಆ ವಾರ ಬರಬೇಕಿದ್ದ ಒಂದು ದೊಡ್ಡ ಜಾಹೀರಾತು ಬರದೆ ಜಾಗ ಖಾಲಿ ಉಳಿದಿತ್ತಂತೆ. ಚಂಗಲರಾಯಪ್ಪನವರಿಗೆ ಫೋನ್ ಮಾಡಿದರೆ ಅವರು ಖುಷಿಯಲ್ಲಿದ್ದರು. ಕೆಳಗಿನ ವಾರ್ಡಿನ ಕಥೆಯಾದ್ದರಿಂದ ಶನಿವಾರದವರೆಗೆ ಕಾಯದೆ ಅಂದಿನ ಬುಟ್ಟಿಯಲ್ಲೇ ಹತ್ತು ಪ್ರತಿ ಇಳಿಸಿದ್ದೇನೆ ಎಂದರು.

ಎಂಟಕ್ಕೆ ಹೊರಟ ಬುಟ್ಟಿ ಒಂಬತ್ತಕ್ಕೆ ಕೆಳಗೆ ತಲುಪುತ್ತದೆ. ಇಂದ್ರಾಣಿಗೆ ಮೂರು ಗಂಟೆ ಕೆಲಸದ ನಂತರ ಹತ್ತು ನಿಮಿಷ ಟೀ ಬಿಡುವು. ಅವಳ ಆ ಹತ್ತು ನಿಮಿಷ ನಮ್ಮ ಲೆಕ್ಕದಲ್ಲಿ ಸರಿಯಾಗಿ ಗುರುವಾರ ಒಂಬತ್ತೂವರೆಯಿಂದ ಒಂದೂವರೆಯವರೆಗೆ. ಪತ್ರಿಕೆ ಕಂಕುಳಲ್ಲಿ ಇರುಕಿಕೊಂಡು ಗಣಿಯ ದಿಣ್ಣೆ ಹತ್ತಿ ನಿಯಂತ್ರಣ ಕೊಠಡಿಗೆ ಓಡಿದೆ.

ಸೆಲ್ವರಾಜ್ ಪರದೆಗಳ ಮುಂದೆ ಕೂತಿದ್ದ. ಕೆಳಗಿನ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ತೆಗೆಯುತ್ತದೆ, ನಮಗೆ ಸೆಕೆಂಡಿಗೆ ಒಂದರಂತೆ ಬರುತ್ತದೆ. ಪರದೆಯ ಮೇಲಿನ ಜನ ನಿಂತೇ ಇರುವಂತೆ ಕಾಣುತ್ತಾರೆ. ಕಣ್ಣು ತೆಗೆದು ಮತ್ತೆ ನೋಡಿದರೆ ಕೈ ಸ್ವಲ್ಪ ಸರಿದಿರುತ್ತದೆ. ನರ್ಸುಗಳ ಮೂಲೆಯಲ್ಲಿ ಇಂದ್ರಾಣಿ ಸ್ಟೂಲಿನ ಮೇಲೆ ಕೂತಿದ್ದಳು. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಪತ್ರಿಕೆ. ಮೊಣಕಾಲಿನ ಮೇಲೆ ಮಡಿಚಿದ ಫಾರಂ, ಅದರ ಮೇಲೆ ಪೆನ್ನು.

ಅಂದರೆ ಸಹಿ ಮಾಡುವುದಕ್ಕೇ ಕೂತಿದ್ದಳು.

ನಾನು ಏದುಸಿರು ಬಿಡುತ್ತಾ ವಿಷಯ ಹೇಳಿದೆ. ಸೆಲ್ವರಾಜ್ ಕ್ಯಾಮೆರಾ ಹತ್ತಿರ ಮಾಡಿ ನೋಡಿದ. ಅವಳ ಕಣ್ಣು ಇನ್ನೂ ಮೊದಲ ಕಾಲಂನಲ್ಲಿತ್ತು, ಗಾಜಿನ ಬಾಗಿಲಿನ ಪ್ಯಾರಾದ ಹತ್ತಿರ. “ಕೊನೆಗೆ ಬರೋಕೆ ಇನ್ನೂ ಒಂದು ಗಂಟೆ ಮೇಲೆ ಐತೆ ಸಾರ್” ಎಂದ. “ತುರ್ತು ಕೊಳವೇಲಿ ಮುಕ್ಕಾಲು ಗಂಟೆಗೆಲ್ಲಾ ಮುಟ್ಟಿಸ್ತೀನಿ. ಬರ್ದುಬಿಟ್ಟಿದ್ದು ಸುಮ್ಕೆ, ಮನಸಿಗೆ ಹಚ್ಕೋಬೇಡ ಅಂತ ಒಂದು ಚೀಟಿ ಕೊಡಿ.”

ಜಗತ್ತಿನಲ್ಲಿ ಯಾವ ಗಂಡನಿಗೆ ಇಂಥ ಅವಕಾಶ ಸಿಕ್ಕಿದೆ? ಆಡಿದ ಮಾತು ಹೆಂಡತಿಯ ಕಿವಿಗೆ ಬೀಳುವ ಮೊದಲೇ ಅದನ್ನು ವಾಪಸು ತೆಗೆದುಕೊಳ್ಳಬಹುದು. ಸೆಲ್ವರಾಜ್ ಕೊಟ್ಟ ಚೀಟಿಯ ಮೇಲೆ, ‘ಪತ್ರಿಕೆಯಲ್ಲಿ ಇರುವುದು ಓದುಗರಿಗಾಗಿ ಬರೆದದ್ದು’ ಎಂದು ಬರೆದೆ. ಮುಂದೆ ಏನೂ ತೋಚದೆ ಕೈ ತಾನಾಗಿ ಹುರಿ ಕಟ್ಟಿದ ಮುದ್ರೆಯ ಕಡೆ ಹೋಯಿತು.

ಅಷ್ಟರಲ್ಲಿ ಪರದೆಯ ಮೇಲೆ ಅವಳ ತುಟಿಯ ಅಂಚು ಸ್ವಲ್ಪ ಎದ್ದಿತು. ನಿಧಾನವಾಗಿ, ಒಂದೊಂದೇ ಚಿತ್ರವಾಗಿ ಅದು ನಗುವಾಯಿತು. ಮುಗಿಯುವುದಕ್ಕೆ ಒಂದು ನಿಮಿಷ ಹಿಡಿಯಿತು. ಫೋನಿನ ಪ್ಯಾರಾದ ಸೊಳ್ಳೆಯ ಹತ್ತಿರ ಬಂದಿರಬೇಕು. ನಾನು ಬರೆದದ್ದನ್ನು ಅವಳು ಓದುವುದನ್ನೇ ನಾನು ಎಂದೂ ನೋಡಿರಲಿಲ್ಲ, ಓದುತ್ತಾಳೆ ಎಂದೂ ಗೊತ್ತಿರಲಿಲ್ಲ. ಮುದ್ರೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತೆ.

ನಾಲ್ಕು ವರ್ಷದ ಚೀಟಿಗಳೆಲ್ಲ ನೆನಪಾದವು. ದಿನಕ್ಕೊಂದರಂತೆ ಸಾವಿರಕ್ಕೂ ಹೆಚ್ಚು ಸಲ ಎಲ್ಲ ಚೆನ್ನಾಗಿದೆ ಎಂದು ಬರೆದುಕೊಟ್ಟಿದ್ದೆ. ಅವಳು ಅದನ್ನು ನಂಬಿದ್ದರಲ್ಲಿ ಅವಳ ತಪ್ಪೇನು? ನಾವಿಬ್ಬರೂ ಚೆನ್ನಾಗೇ ಇದ್ದೇವೆ ಎಂದು ಅವಳಿಗೆ ಹೇಳಿದವನು ನಾನೇ. ಬಿಳಿಗಡ್ಡದವನನ್ನು ನೋಡಿ ಉರಿದುಕೊಂಡೆನಲ್ಲ, ಕೊಳಲು ಒಂದಿಲ್ಲ ಅನ್ನುವುದು ಬಿಟ್ಟರೆ ನನಗೂ ಅವನಿಗೂ ಏನು ವ್ಯತ್ಯಾಸ?

“ಸಾರ್, ಈಗ ಹಾಕಿದ್ರೆ ಉಂಟು” ಎಂದ ಸೆಲ್ವರಾಜ್. ನಾನು ಚೀಟಿಯನ್ನು ಮುದುರಿ ಜೇಬಿಗೆ ತುರುಕಿದೆ. ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತೆ.

ಹತ್ತೂಮುಕ್ಕಾಲರ ಹೊತ್ತಿಗೆ ಅವಳು ಕೊನೆಯ ಎರಡು ಪ್ಯಾರಾಗಳಿಗೆ ಬಂದಳು. ನಾನೂ ಕಂಕುಳಿನ ಪತ್ರಿಕೆ ಬಿಡಿಸಿ ಅವಳ ಕಣ್ಣಿನ ವೇಗಕ್ಕೆ ಸರಿಯಾಗಿ ಸಾಲು ಸಾಲಾಗಿ ಓದಿದೆ. ಹೀಗಿತ್ತು:

‘ಈ ಕಂತಿನ ದೊಡ್ಡ ಸುಳ್ಳು ಗಾಜಿನ ಬಾಗಿಲಲ್ಲ, ಆ ಗಂಡ. ಕಾಯುವವರು ಹಾಗಿರುವುದಿಲ್ಲ. ಕಾಯುವವರಿಗೆ ಸಿಟ್ಟು ಬರುತ್ತದೆ. ಎರಡು ವರ್ಷದ ಹಿಂದೆ ಒಂದು ಬುಧವಾರ ನನ್ನ ಮಗಳು ದೊಡ್ಡವಳಾದಳು. ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅಮ್ಮ ಬೇಕು ಎಂದು ಅತ್ತಳು. ಅವಳ ಅಮ್ಮ ಬರಲು ಇನ್ನೂ ಐದು ದಿನವಿತ್ತು. ನಾನು ಪಕ್ಕದ ಮನೆಯವರನ್ನು ಕರೆತಂದು, ಬೀದಿಯಲ್ಲಿ ನಿಂತುಕೊಂಡು ಅಂದಿನ ಚೀಟಿ ಬರೆದೆ: ಹರಿಣಿ ದೊಡ್ಡವಳಾದಳು, ಇಲ್ಲಿ ಎಲ್ಲ ಚೆನ್ನಾಗಿದೆ. ಮೂವತ್ತು ಜನರ ಪ್ರಾಣ ಉಳಿಸುವ ಹೆಂಡತಿಗೆ ಇನ್ನೇನು ಬರೆಯಲಿ?

‘ಏನೂ ಚೆನ್ನಾಗಿಲ್ಲ. ಮಗಳು ತಾಯಿಗೆ ಹೇಳಬೇಕಾದ ಮಾತುಗಳನ್ನು ಎಂಟು ದಿನ ಕೂಡಿಟ್ಟು, ತಾಯಿ ಬರುವ ಹೊತ್ತಿಗೆ ಮರೆತಿರುತ್ತಾಳೆ. ನನ್ನ ಹೆಂಡತಿಯನ್ನು ಬಿಟ್ಟು ನನಗೆ ವಯಸ್ಸಾಗುತ್ತಿದೆ, ಅದು ನನಗೆ ಇಷ್ಟವಿಲ್ಲ. ಇನ್ನೂ ಐದು ವರ್ಷ ಕಾಯಲು ನನ್ನಿಂದ ಆಗುವುದಿಲ್ಲ. ಇದನ್ನು ಅವಳಿಗೆ ಹೇಳುವ ಧೈರ್ಯವಿಲ್ಲದೆ ನಿಮಗೆ ಹೇಳುತ್ತಿದ್ದೇನೆ. ನಿರ್ದೇಶಕರಿಗೆ ಧೈರ್ಯವಿದ್ದರೆ ಇಂಥ ಗಂಡನನ್ನು ತೋರಿಸಲಿ.’

ಸ್ನಾನದ ಮನೆಯ ಸಾಲಿನಲ್ಲಿ ಅವಳ ಕಣ್ಣು ನಿಂತಿತು. ಮೊದಲು ಕ್ಯಾಮೆರಾ ಕೆಟ್ಟಿದೆಯೆಂದುಕೊಂಡೆ. ಏಳು ನಿಮಿಷ ಅದು ಅಲ್ಲಿಂದ ಕದಲಲಿಲ್ಲ. ಕೈಯಲ್ಲಿದ್ದ ಲೋಟ ಸ್ವಲ್ಪ ಸ್ವಲ್ಪವೇ ವಾಲಿತು. ಟೀ ಅಂಚಿನಿಂದ ಇಳಿದು ಒಂದು ಉದ್ದನೆಯ ನಾಲಿಗೆಯಂತೆ ಗಾಳಿಯಲ್ಲಿ ನಿಂತು, ಕೊನೆಗೆ ಅವಳ ಪಾದದ ಮೇಲೆ ಬಿತ್ತು. ಅವಳಿಗೆ ಅದರ ಗಮನವೇ ಇರಲಿಲ್ಲ. ನನಗೆ ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ. ಪಕ್ಕದಲ್ಲಿ ಸೆಲ್ವರಾಜ್ ಎದ್ದು, ಕೆಲಸವಿದೆ ಎಂದು ಹೊರಗೆ ಹೋದ.

ಕೊನೆಯ ಸಾಲು ಮುಗಿದ ಮೇಲೆ ಅವಳು ಪತ್ರಿಕೆ ಮಡಿಚಿದಳು. ಮೊಣಕಾಲಿನ ಮೇಲಿದ್ದ ಪೆನ್ನಿನ ಕಡೆ ಕೈ ಹೋಗುವುದಕ್ಕೆ ಒಂದು ನಿಮಿಷ, ಅದನ್ನು ಎತ್ತುವುದಕ್ಕೆ ಇನ್ನೊಂದು ನಿಮಿಷ. ಫಾರಂ ಬಿಡಿಸಿದಳು. ಪೆನ್ನು ಕಾಗದದ ಮೇಲೆ ಇಳಿಯಿತು. ಏನು ಬರೆಯುತ್ತಿದ್ದಾಳೆಂದು ಕಾಣದಂತೆ ಅವಳ ಭುಜ ಅಡ್ಡ ಬಂದಿತ್ತು. ಸಹಿ ಇಷ್ಟು ಉದ್ದ ಇರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಐದು ವರ್ಷಕ್ಕೆ ಮೂರು ಕಡೆ ಸಹಿ ಬೇಕಾಗುತ್ತದೇನೋ ಎಂದು ಮತ್ತೆ ಹೆದರಿಕೆಯಾಯಿತು. ಸುಮಾರು ಎರಡು ಗಂಟೆ ಹೊತ್ತು ಬರೆದಳು. ನಡುವೆ ಒಮ್ಮೆ ಎದ್ದು ಏಳನೇ ಮಂಚದ ಹತ್ತಿರ ಹೋಗಿ ಪತ್ರಿಕೆಯನ್ನು ಅಲ್ಲಿ ಮಲಗಿದ್ದ ಹೆಂಗಸಿನ ಕೈಗೆ ಕೊಟ್ಟಳು. ವಾಪಸು ಬಂದು ಇನ್ನಷ್ಟು ಬರೆದಳು.

ಮಧ್ಯಾಹ್ನ ಮೂರು ಗಂಟೆಗೆ ಮೇಲೆ ಬಂದ ಬುಟ್ಟಿಯಲ್ಲಿ ಫಾರಂ ಇತ್ತು. ಸಹಿಯ ಜಾಗ ಖಾಲಿಯಿತ್ತು. ಹಿಂದಿನ ಪುಟದಲ್ಲಿ, ಔಷಧಿ ಚೀಟಿ ಬರೆಯುವ ಅವಳ ಅವಸರದ ಅಕ್ಷರದಲ್ಲಿ ಹೀಗಿತ್ತು:

‘ನಾಲ್ಕು ವರ್ಷ ನಿಮ್ಮ ಬಾಯಿಗೆ ಏನಾಗಿತ್ತು? ನಿನ್ನೆಯಷ್ಟೇ ಎದುರಿಗೆ ಕೂತು ಕೇಳಿದಾಗ ನಿನ್ನಿಷ್ಟ ಅಂದಿರಿ. ಊರಿಗೆಲ್ಲ ಹೇಳಿ ಆಮೇಲೆ ನನಗೆ ಹೇಳುವುದಾ? ಸ್ನಾನದ ಮನೆಯಲ್ಲಿ ಅವಳು ಅತ್ತದ್ದನ್ನು ನಾನು ಪೇಪರಿನಲ್ಲಿ ಓದಬೇಕಾ? ನನ್ನ ಜಾಗಕ್ಕೆ ಬರಲು ತರಬೇತಿ ಆದವರು ನಾಲ್ಕು ಜನ ಇದ್ದಾರೆ, ಒಂದು ಸಲವಾದರೂ ಕೇಳಿದಿರಾ? ನೀವಿಬ್ಬರೂ ಚೆನ್ನಾಗಿದ್ದೀರಿ, ನಾನಿಲ್ಲದೆಯೂ ನಡೆಯುತ್ತದೆ ಅಂತ ಅಂದುಕೊಂಡೇ ನಾನು ಇಲ್ಲಿ ದಿನ ತಳ್ಳುತ್ತಿದ್ದೆ. ಟೀಚರಮ್ಮ ನಿಮ್ಮ ಲೇಖನ ಓದಿದರು. ಕಾಗುಣಿತದ ತಪ್ಪು ಮೂರಿವೆಯಂತೆ. ಈ ಪಾಳಿ ಮುಗಿಸಿ ಬರುತ್ತೇನೆ. ಇರಿ ನಿಮಗೆ.’

ಅದನ್ನು ಮೂರು ಸಲ ಓದಿದೆ. ಅವಳು ಬರಲು ನನಗೆ ಇನ್ನೂ ಐದು ದಿನವಿತ್ತು, ಅವಳಿಗೆ ಐದು ಗಂಟೆಯೂ ಇಲ್ಲ. ನಾನು ಐದು ದಿನ ಹೆದರಿ, ನಾಚಿ, ಎಲ್ಲ ಆರಿ ತಣ್ಣಗಾದ ಮೇಲೆ ಅವಳು ಇದೇ ಬಿಸಿಯಲ್ಲಿ ಬಂದು ಬಾಗಿಲು ತಟ್ಟುತ್ತಾಳೆ. ಬರಲಿ ಎನ್ನಿಸಿತು. ಅಂಥ ಜಗಳವಾಡಿ ನಾಲ್ಕು ವರ್ಷವಾಗಿತ್ತು.

ಸಂಜೆ ಹರಿಣಿ ಶಾಲೆಯಿಂದ ಬಂದವಳು ಚೀಲವನ್ನು ಕುರ್ಚಿಯ ಮೇಲೆ ಎಸೆದಳು. ಯಾರೋ ಗೆಳತಿ ಪತ್ರಿಕೆ ತೋರಿಸಿದ್ದಳಂತೆ. ಸ್ನಾನದ ಮನೆಯ ವಿಷಯವನ್ನು ಊರಿಗೆಲ್ಲ ಹೇಳಿದ್ದಕ್ಕೆ ಅವಳಿಗೂ ನನ್ನ ಮೇಲೆ ಸಿಟ್ಟು. ಅರ್ಧ ಗಂಟೆ ಬೈದಳು. ಅವಳು ಮುಗಿಸಿದ ಮೇಲೆ ಫಾರಂ ಕೊಟ್ಟೆ. ಓದಿದಳು, ತಿರುಗಿಸಿ ಸಹಿಯ ಜಾಗ ನೋಡಿದಳು. ಮತ್ತೆ ನನ್ನ ಕಡೆ ತಿರುಗಿ, “ನಾಳೆ ಚೀಟಿ ನಾನ್ ಬರೀತೀನಿ ಅಪ್ಪ, ನೀನ್ ಬರೀಬೇಡ” ಎಂದಳು.

ಶುಕ್ರವಾರ ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಇಬ್ಬರೂ ನಿಯಂತ್ರಣ ಕೊಠಡಿಗೆ ಹೋದೆವು. ಅವಳ ಚೀಟಿ ನೋಟ್‌ಬುಕ್ಕಿನ ಮೂರು ಹಾಳೆಯಿತ್ತು, ಎರಡೂ ಕಡೆ ಬರೆದಿದ್ದಳು. ಓದಲು ನನಗೆ ಕೊಡಲಿಲ್ಲ. ಕಂಡದ್ದು ಮೊದಲ ಸಾಲು ಮಾತ್ರ: ‘ಅಮ್ಮಾ, ಅಪ್ಪ ಮಾಡೋ ಸಾರು ತಿನ್ನೋಕಾಗಲ್ಲ, ನಾಲ್ಕು ವರ್ಷದಿಂದ ಹೇಳಬೇಕು ಅಂತಿದ್ದೆ.’

ಸೆಲ್ವರಾಜ್ ಹಾಳೆಗಳನ್ನು ತೆಗೆದುಕೊಂಡು, ಅಭ್ಯಾಸದಂತೆ ಕೊನೆಯ ಪುಟದ ಕೆಳಗೆ ಮುದ್ರೆ ಒತ್ತಿದ. ಹರಿಣಿ ಅವನ ಕೈಯಿಂದ ಹಾಳೆ ವಾಪಸು ಇಸಿದುಕೊಂಡಳು. ಅವನ ಜೇಬಿನಲ್ಲಿದ್ದ ಪೆನ್ನನ್ನೇ ಕೇಳಿ ತೆಗೆದುಕೊಂಡು, ಮುದ್ರೆಯ ಮೇಲೆ ಗಟ್ಟಿಯಾಗಿ ಎರಡು ಗೆರೆ ಎಳೆದು ಬುಟ್ಟಿಗೆ ಹಾಕಿದಳು.